ಗ್ರಾಂಟಿಗೆ ಕಾದ ಲಗ್ನ

ರಾಯಬಾಗ ತಾಲೂಕಿನ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ನಾನು ಗಣಿತ ಕಲಿಸುತ್ತಿದ್ದೆ. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಕಬ್ಬಿನ ಸಾಹುಕಾರರೊಬ್ಬರು ತಮ್ಮ ಹಳೆಯ ಗಾಣದ ಶೆಡ್ಡಿನಲ್ಲಿ ತೆರೆದ ಖಾಸಗಿ ಶಾಲೆ ಅದು. ಸರಕಾರದ ಅನುದಾನ ಇನ್ನೂ ಬಂದಿರಲಿಲ್ಲ. ಸಂಬಳ ಕೇಳಿದಾಗಲೆಲ್ಲ ಸಾಹುಕಾರರು ಸೇವಾ ಮನೋಭಾವದ ಕುರಿತು ಭಾಷಣ ಕೊಡುತ್ತಿದ್ದರು. ಅವರ ಮೊಮ್ಮಕ್ಕಳು ನಿಪ್ಪಾಣಿಯಲ್ಲಿದ್ದು ಇಂಗ್ಲಿಷ್ ಶಾಲೆಯಲ್ಲಿ ಓದುತ್ತಿದ್ದರು.

ರಸ್ತೆಯ ಆಚೆ ಏಳನೆಯ ತರಗತಿಯವರೆಗಿನ ಸರಕಾರಿ ಶಾಲೆ. ಅಲ್ಲಿ ಓದುವಷ್ಟು ದಿನ ಊರ ಹುಡುಗ ಹುಡುಗಿಯರು ಸರಕಾರದ ಮಕ್ಕಳು. ರಸ್ತೆ ದಾಟಿ ಎಂಟನೆಯದಕ್ಕೆ ಬಂದರೆ ಯಾರ ಮಕ್ಕಳೂ ಅಲ್ಲ. ಆ ಶಾಲೆಯ ಶಿಕ್ಷಕಿಯೊಬ್ಬಳನ್ನು ನನಗೆ ಕೇಳಲು ನಮ್ಮಪ್ಪ ಅಥಣಿಗೆ, ಅವಳ ತಂದೆಯ ಮನೆಗೆ ಹೋದರು. ಆ ಹಿರಿಯರು ಕುಂಡಲಿ ಕೇಳಲಿಲ್ಲ.

“ಹುಡುಗ ಶಾಣ್ಯಾ ಅದಾನ್ರಿ. ಸಾಲಿಗೆ ಗ್ರಾಂಟ್ ಬರ್ಲಿ, ಆಮ್ಯಾಲ ಲಗ್ನದ ಅಕ್ಕಿಕಾಳ ಹಾಕೂಣು,” ಎಂದರು.

ಗ್ರಾಂಟ್ ಬರಬೇಕಾದರೆ ತಪಾಸಣೆಯಾಗಬೇಕು, ತಪಾಸಣೆಯ ದಿನ ಎಂಟನೆಯ ತರಗತಿ ತುಂಬಿರಬೇಕು. ನಮ್ಮಲ್ಲಿ ಅರ್ಧ ಬೆಂಚು ಖಾಲಿ. ಏಳನೆಯದು ಮುಗಿಸಿದ ಹುಡುಗಿಯರು ತಾಯಂದಿರ ಜೊತೆ ಕಬ್ಬಿನ ಕಳೆ ತೆಗೆಯಲು ಹೋಗಿಬಿಟ್ಟಿದ್ದರು. ಪಕ್ಕದೂರಿನ ಮಕ್ಕಳ ಹೆಸರು ತಂದು ಹಾಜರಿ ತುಂಬಿಸಿರಿ ಎಂದು ಸಾಹುಕಾರರು ಸಲಹೆ ಕೊಟ್ಟರು. ಶಿಕ್ಷಕಿಗೆ ಇದು ತಿಳಿದು, ಹೆಸರು ಬೇಡ, ಹುಡುಗಿಯರನ್ನೇ ತರೋಣ ಎಂದು ನನ್ನೊಡನೆ ಮನೆಮನೆಗೆ ಹೊರಟಳು.

ಕೂಲಿ ಮಾಡುವ ತಾಯಿಯೊಬ್ಬಳು ರೊಟ್ಟಿ ಬಡಿಯುತ್ತಲೇ ಕೇಳಿದಳು: “ಎಂಟನೇತ್ತ ಕಲತ್ರ ನಮ್ಮ ಹುಡುಗಿಗೆ ಏನ್ ಸಿಗತೈತ್ರಿ ಅಕ್ಕಾರ?”

ಶಿಕ್ಷಣದ ಮಹತ್ವದ ಭಾಷಣ ನನ್ನ ತುಟಿಗೆ ಬಂದಿತ್ತು. ಶಿಕ್ಷಕಿ ನನ್ನನ್ನು ತಡೆದಳು.

“ಆಕೀಗೆ ಏನ್ ಸಿಗತೈತೋ ಗೊತ್ತಿಲ್ಲವ್ವಾ. ನನಗಂತೂ ಈ ಮಾಸ್ತರ ಸಿಗತಾರ.”

ತಾಯಿಯ ಕೈಯಲ್ಲಿ ರೊಟ್ಟಿ ಹಾಗೇ ನಿಂತಿತು. ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಮರುದಿನ ಮಗಳನ್ನು ಕಳಿಸಿದಳು. ಸುದ್ದಿ ಓಣಿಯೆಲ್ಲ ಹರಡಿ, ವಾರದೊಳಗೆ ಒಂಬತ್ತು ಹುಡುಗಿಯರು ಬಂದರು. ಊರು ಅವರನ್ನು ಓದಿಗೆ ಕಳಿಸಿತೋ ನಮ್ಮ ಲಗ್ನಕ್ಕೆ ಕಳಿಸಿತೋ, ತಪಾಸಣೆಯ ಸಾಹೇಬರು ಕೇಳಲಿಲ್ಲ. ತಲೆ ಎಣಿಸಿದರು, ಸಾಹುಕಾರರ ಮನೆಯಲ್ಲಿ ಹೋಳಿಗೆ ಉಂಡರು, ಹೋದರು.

ಮುಂದಿನ ವರ್ಷ ಗ್ರಾಂಟ್ ಬಂತು, ಅದರ ಹಿಂದೆಯೇ ಲಗ್ನ. ಮಂಟಪದಲ್ಲಿ ಸಾಹುಕಾರರು ಮೈಕ್ ಹಿಡಿದು, ಬಡ ಹೆಣ್ಣುಮಕ್ಕಳ ಓದಿಗಾಗಿ ತಾವು ಪಟ್ಟ ಕಷ್ಟವನ್ನು ವಿವರಿಸಿದರು. ನಾವಿಬ್ಬರೂ ಮಾಲೆ ಹಿಡಿದು ಕಾದೆವು.

ಹತ್ತನೆಯದರಲ್ಲಿ ಆ ರೊಟ್ಟಿಯ ಮನೆಯ ಹುಡುಗಿ ಫೇಲಾದಳು. ಗಣಿತದಲ್ಲಿ, ಕಲಿಸಿದವನು ನಾನೇ. ನನ್ನ ಹೆಂಡತಿ ಹುಡುಗಿಯನ್ನು ದಿನಾ ನಮ್ಮ ಮನೆಗೆ ಕರೆಸಿ ಲೆಕ್ಕ ಹೇಳಿಕೊಟ್ಟಳು. ನಾನು ಒಳಗೆ ಚಹಾ ಕುದಿಸುತ್ತಿದ್ದೆ. ಅಕ್ಟೋಬರ್ ಪರೀಕ್ಷೆಯಲ್ಲಿ ಹುಡುಗಿ ಪಾಸಾದಳು.