ವಾಕ್ಯದಕ್ಕ ಹಾಕದ ಸಹಿ

ಆಸ್ಪತ್ರೆಯ ಲಾಂಡ್ರಿಯಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು ವಾಕ್ಯದಕ್ಕ ಎಂದು. ಬೆಳಿಗ್ಗೆ ಸತ್ಯವೇದದಿಂದ, ಅಂದರೆ ಬೈಬಲಿನಿಂದ, ಒಂದು ವಾಕ್ಯವನ್ನು ಚೀಟಿಯಲ್ಲಿ ಬರೆದುಕೊಂಡು ಬರುವುದು, ಊಟದ ಬಿಡುವಿನಲ್ಲಿ ಅದನ್ನು ಏಪ್ರನ್ ಜೇಬಿನಿಂದ ತೆಗೆದು ತುಟಿಯಲ್ಲೇ ಓದಿಕೊಳ್ಳುವುದು ಅವಳ ಅಭ್ಯಾಸ. ತಮಾಷೆಗೆಂದು ಇಟ್ಟ ಹೆಸರು ಹದಿನಾರು ವರ್ಷಗಳಲ್ಲಿ ಎಷ್ಟು ಅಂಟಿಕೊಂಡಿತ್ತೆಂದರೆ, ಹಾಜರಿ ಪುಸ್ತಕದ ಹೆಸರು ಕೂಗಿದರೆ ಅವಳೇ ಒಂದು ಗಳಿಗೆ ತಡೆದು ತಿರುಗುತ್ತಿದ್ದಳು.

ಅಕ್ಷರ ಕಲಿಸಿದವಳು ಅತ್ತೆ. ಮದುವೆಯಾಗಿ ಬಂದಾಗ ಅವಳಿಗೆ ಸಹಿ ಹಾಕಲೂ ಬರುತ್ತಿರಲಿಲ್ಲ. ಅತ್ತೆಯ ಕಣ್ಣಿಗೆ ಪೊರೆ ಕವಿಯುತ್ತಿದ್ದ ಕಾಲ ಅದು. "ನನ್ನ ಕಣ್ಣು ಮುಚ್ಚೋದರೊಳಗೆ ನಿನ್ನ ಕಣ್ಣು ಬಿಡಿಸ್ಬೇಕು" ಎಂದು ಆಕೆ ಸೊಸೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ದಪ್ಪಕ್ಷರದ ಸತ್ಯವೇದದ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರ ಓದಿಸಿದಳು. ಜೊತೆಗೆ ಒಂದು ಕಟ್ಟಪ್ಪಣೆ: "ರುಚಿಯಾದ್ದನ್ನೇ ಹೆಕ್ಕಿ ತಿನ್ಬೇಡ ಮಗಳೇ. ಇವತ್ತು ಎಲ್ಲಿ ಮುಗೀತೋ ನಾಳೆ ಅಲ್ಲಿಂದಲೇ ಶುರು." ಅತ್ತೆ ತೀರಿಕೊಂಡ ಮೇಲೂ ಅವಳು ಆ ಮಾತನ್ನು ಮೀರಲಿಲ್ಲ. ದಿನಕ್ಕೊಂದು ಅಧ್ಯಾಯ. ಮೊದಲ ಪುಟದಿಂದ ಕೊನೆಯ ಪುಟದವರೆಗೆ ಆಗಲೇ ನಾಲ್ಕು ಸಲ ಹೋಗಿ ಬಂದಿದ್ದಳು.

ಗಂಡ ಕಟ್ಟಡಗಳಿಗೆ ಬಣ್ಣ ಬಳಿಯುತ್ತಿದ್ದವನು. ಏಳು ವರ್ಷದ ಹಿಂದೆ ಸಾರವೆ ಮುರಿದು ಬಿದ್ದು, ಸೊಂಟದ ಕೆಳಗೆ ಬಲ ಕಳೆದುಕೊಂಡು ಕಿಟಕಿ ಪಕ್ಕದ ಮಂಚ ಹಿಡಿದಿದ್ದ. ಬೆಳಿಗ್ಗೆ ಐದಕ್ಕೆ ಅವಳು ಎದ್ದು, ಅವನ ಮೈ ಒರೆಸಿ, ಮಗ್ಗುಲು ಬದಲಿಸಿ, ಒಲೆಯ ಮೇಲೆ ನೀರಿಟ್ಟು ಓದಲು ಕೂರುವಳು. "ಓದು, ಕೇಳಿಸ್ಕೊಳ್ತೀನಿ. ಮಧ್ಯೆ ನಿದ್ದೆ ಬಂದ್ರೆ ಅದೂ ದೇವರ ಕೃಪೆ" ಎನ್ನುವನು ಅವನು. ನಿಜ ಹೇಳಬೇಕೆಂದರೆ ಎಷ್ಟೋ ದಿನ ಅವಳಿಗೇ ನಿದ್ದೆ ಎಳೆಯುತ್ತಿತ್ತು. ಓದಿದ್ದು ಕಿವಿಗೂ ಹೋಗದೆ, ನಾಲಿಗೆ ಮಾತ್ರ ತನ್ನ ಪಾಡಿಗೆ ತಾನು ಹೊರಳುತ್ತಿತ್ತು.

ಇಂಥ ದಿನಗಳಲ್ಲೇ ಲಾಂಡ್ರಿಯಲ್ಲಿ ಒಂದು ಅವಘಡವಾಯಿತು. ಆಪರೇಷನ್ ಕೋಣೆಯ ಬಟ್ಟೆಯ ಮಡಿಕೆಯಲ್ಲಿ ಸಣ್ಣದೊಂದು ಇಕ್ಕಳ ಉಳಿದು, ಒಗೆತ ಮುಗಿಸಿ, ಇಸ್ತ್ರಿ ಯಂತ್ರದ ಬಿಸಿ ಉರುಳೆಯೊಳಗೆ ಸಿಕ್ಕಿಕೊಂಡಿತು. ಕಟಕಟ ಸದ್ದಾಗಿ, ಉರುಳೆಯ ಹೊದಿಕೆ ಉದ್ದಕ್ಕೂ ಸೀಳಿ, ಸುಟ್ಟ ವಾಸನೆ ಎದ್ದಿತು. ಯಂತ್ರ ಎರಡು ದಿನ ನಿಂತಿತು. ಕೊಳೆ ಬಟ್ಟೆ ಕೊಡವಿ, ಒಳಗೆ ಏನಾದರೂ ಇದೆಯೇ ಎಂದು ನೋಡಿ ಬೇರೆ ಮಾಡುವ ಕೆಲಸ ಲಾಂಡ್ರಿಯವರೆಲ್ಲ ತಾತ ಎನ್ನುತ್ತಿದ್ದವನದು. ನಿವೃತ್ತಿಗೆ ನಾಲ್ಕೇ ತಿಂಗಳಿದ್ದ ಮುದುಕ. ಆದರೆ ಅವತ್ತು ಬಟ್ಟೆಯ ರಾಶಿ ಬಾಗಿಲವರೆಗೆ ಬೆಳೆದಿತ್ತು. "ಕೊಡವ್ತಾ ಕೂತ್ರೆ ಸಂಜೆಯಾಗುತ್ತೆ ತಾತ, ಹಾಗೇ ಒಳಗೆ ತಳ್ಳಿ" ಎಂದಿದ್ದವನು ಸೂಪರ್‌ವೈಸರ್. ಪಕ್ಕದಲ್ಲೇ ಬೆಡ್‌ಶೀಟ್ ಮಡಚುತ್ತಿದ್ದ ಅವಳು ಅದನ್ನು ಕಿವಿಯಾರೆ ಕೇಳಿದ್ದಳು.

ಮಾರನೆಯ ದಿನ ಸೂಪರ್‌ವೈಸರ್ ಅವಳನ್ನು ತನ್ನ ಗಾಜಿನ ಕೋಣೆಗೆ ಕರೆದ. ಮೇಜಿನ ಮೇಲೆ ಟೈಪ್ ಮಾಡಿದ ಒಂದು ಹಾಳೆ. ತಾತ ಬಟ್ಟೆ ಪರೀಕ್ಷಿಸದೆ ಉದಾಸೀನ ಮಾಡಿದ್ದನ್ನು ತಾನು ಕಣ್ಣಾರೆ ಕಂಡಿದ್ದಾಗಿ ಅವಳ ಹೆಸರಿನಲ್ಲಿ ಅದರಲ್ಲಿ ಬರೆದಿತ್ತು.

"ಸಾಕ್ಷಿಗೆ ನಿಮ್ಮದೊಂದು ಸಹಿ ಸಾಕು ಅಕ್ಕಾ. ನಿಮ್ಮ ಮಾತನ್ನ ಯಾರೂ ಅನುಮಾನಿಸಲ್ಲ."

"ಸಾರ್, ಅವತ್ತು..."

"ಅವತ್ತಿನದು ನಂಗೆ ಗೊತ್ತು. ನಂಗೂ ಮಕ್ಕಳಿದ್ದಾರೆ. ನಾಳೆ ಬೆಳಿಗ್ಗೆ ಕೊಡಿ, ಆತುರವಿಲ್ಲ."

ಅವನು ಕೆಟ್ಟವನಾಗಿದ್ದರೆ ಸುಲಭವಿತ್ತು. ಗಂಡ ಬಿದ್ದಾಗ ಎರಡು ತಿಂಗಳು ಅವಳ ಜಾಗವನ್ನು ಬೇರೆಯವರಿಗೆ ಕೊಡದೆ ಕಾದಿಟ್ಟವನು ಇವನೇ. ನೀರಿನ ಕೆಲಸದಿಂದ ಬಿಡಿಸಿ, ಒಣ ಬಟ್ಟೆ ಮಡಚುವ ಕಡೆಗೆ ಹಾಕಿದವನೂ ಇವನೇ. ಆ ಉಪಕಾರವೆಲ್ಲ ಈಗ ಹಾಳೆಯ ಮೇಲೆ ಬಂದು ಕುಳಿತಂತಾಯಿತು. ಅವಳು ಅದನ್ನು ಏಪ್ರನ್ ಜೇಬಿಗೆ ಹಾಕಿಕೊಂಡು ಹೊರಬಂದಳು.

ಮರುದಿನ ಐದು ಗಂಟೆಗೆ ಸತ್ಯವೇದ ಬಿಚ್ಚಿದಳು. ಇವತ್ತಾದರೂ ಒಂದು ಮಾತು ಸಿಗಲಿ ಎಂದು ಆಸೆಪಟ್ಟಿದ್ದಳು. ಅಂದಿನ ಅಧ್ಯಾಯದಲ್ಲಿ ಇದ್ದದ್ದು ದೇವದರ್ಶನದ ಗುಡಾರಕ್ಕೆ ಎಷ್ಟು ಹಲಗೆ, ಎಷ್ಟು ಮೊಳ ಪರದೆ, ಎಷ್ಟು ಕೊಂಡಿ ಎಂಬ ಲೆಕ್ಕ. ಕೊನೆಯವರೆಗೂ ಓದಿದಳು. ಕೊಂಡಿ, ಕಂಬ, ಗೂಟ. ಅಷ್ಟೇ.

ಅವಳಿಗೆ ಸಿಟ್ಟು ಬಂತು. ಅಷ್ಟು ವರ್ಷಗಳಲ್ಲಿ ಮೊದಲ ಸಲ ಅತ್ತೆಯ ಮಾತು ಮೀರಿ, ಕಣ್ಣು ಮುಚ್ಚಿ ಎಲ್ಲೋ ಒಂದು ಪುಟ ತೆರೆದು ಬೆರಳಿಟ್ಟಳು. ದಾಸರು ತಮ್ಮ ಯಜಮಾನರಿಗೆ ವಿಧೇಯರಾಗಿರಬೇಕೆಂಬ ಬುದ್ಧಿಮಾತು ಬಂತು. ಎದೆ ಹಗುರವಾಯಿತು. ಆದರೂ ಮನಸ್ಸು ತಡೆಯದೆ ಇನ್ನೊಮ್ಮೆ ತೆರೆದಳು. ಸುಳ್ಳು ಸಾಕ್ಷಿಯವನಿಗೆ ಶಿಕ್ಷೆ ತಪ್ಪದೆಂದಿತ್ತು. ಮೂರನೆಯ ಸಲ ಯಾರೋ ಯಾರಿಗೋ ವಂದನೆ ಹೇಳಿ ಕಳಿಸಿದ್ದರು.

"ಏನೇ ಅದು, ಲಾಟರಿ ಎತ್ತುತ್ತಿದ್ದೀಯಾ?" ಮಂಚದಿಂದ ಗಂಡ ಕೇಳಿದ.

ಅವಳು ಎಲ್ಲವನ್ನೂ ಹೇಳಿಕೊಂಡಳು.

"ಸಹಿ ಹಾಕೋದು ತಪ್ಪು ಅಂತ ನಿಂಗೆ ಗೊತ್ತಿಲ್ವಾ?"

"ಗೊತ್ತು."

"ಯಾರು ಹೇಳಿದ್ರು?"

ಅವಳು ತೊಡೆಯ ಮೇಲಿದ್ದ ಪುಸ್ತಕವನ್ನು ನೋಡಿದಳು. ಯಾವ ಪುಟ, ಯಾವ ದಿನ ಎಂದು ಹೇಳಲು ಬರುತ್ತಿರಲಿಲ್ಲ.

"ಗೊತ್ತಿರೋದಕ್ಕೇ ಸಂಕಟ ಕಣ್ರೀ," ಎಂದಳು. "ಇದೊಂದು ಸಲ ತಪ್ಪಿದ್ರೂ ನಿಂಗೆ ಮಾಫಿ ಅಂತ ಎಲ್ಲಾದ್ರೂ ಬರೆದಿರುತ್ತೇನೋ ಅಂತ ಹುಡುಕ್ತಿದ್ದೆ. ಸಾಕಾಗಿದೆ ನಂಗೆ."

"ನೀರು ಕುದೀತಿದೆ ನೋಡು," ಎಂದ ಅವನು, ಮೆಲ್ಲಗೆ.

ಅವಳು ಕೆಲಸಕ್ಕೆ ಹೋಗಿ, ಸಹಿ ಹಾಕದ ಹಾಳೆಯನ್ನು ಸೂಪರ್‌ವೈಸರ್‌ನ ಮೇಜಿನ ಮೇಲಿಟ್ಟಳು. "ನೀವು ಮಾಡಿದ ಉಪಕಾರ ಸಾಯೋವರೆಗೂ ಮರೆಯಲ್ಲ ಸಾರ್. ಇದು ಮಾತ್ರ ನನ್ನ ಕೈಲಾಗಲ್ಲ. ದೊಡ್ಡವರು ಕರೆದು ಕೇಳಿದ್ರೆ ಕೇಳಿಸಿಕೊಂಡಿದ್ದನ್ನೇ ಹೇಳ್ತೀನಿ." ಸೂಪರ್‌ವೈಸರ್ ಬೈಯಲಿಲ್ಲ. ಹಾಳೆಯನ್ನು ನಾಲ್ಕಾಗಿ ಮಡಚಿ ಡ್ರಾಯರಿಗೆ ಹಾಕಿದ. "ಹೋಗಿ ಅಕ್ಕಾ" ಎಂದಷ್ಟೇ ಹೇಳಿದ. ಅವನ ಮುಖ ಪೆಚ್ಚಾಗಿತ್ತು.

ದೊಡ್ಡವರು ಯಾರೂ ಕರೆಯಲಿಲ್ಲ. ಯಂತ್ರ ಹಳೆಯದು ಎಂದು ವರದಿ ಹೋಯಿತು, ವಿಷಯ ತಣ್ಣಗಾಯಿತು. ಆದರೆ ಮುಂದಿನ ವಾರದ ಪಟ್ಟಿಯಲ್ಲಿ ಅವಳ ಹೆಸರು ಮತ್ತೆ ನೀರಿನ ಕಡೆಗೆ ಹೋಗಿತ್ತು. ಒದ್ದೆ ಬೆಡ್‌ಶೀಟುಗಳನ್ನು ಯಂತ್ರದಿಂದ ಎಳೆದು ಗಾಡಿಗೆ ತುಂಬುವ ಕೆಲಸ. ಐವತ್ತೆರಡರ ಮೈಗೆ ಅದು ಹೊರಲಾರದ ಭಾರ. ಎರಡೇ ತಿಂಗಳಲ್ಲಿ ಬಲಗೈ ಮಣಿಕಟ್ಟು ಊದಿಕೊಂಡಿತು.

ನಿವೃತ್ತಿಯ ದಿನ ತಾತ ಎಲ್ಲರಿಗೂ ಬಾಳೆಹಣ್ಣು ಹಂಚಿದ. "ನಮ್ಮ ಸಾರ್ ದೇವರಂಥೋರು, ಯಂತ್ರ ಕೆಟ್ಟಾಗ ನನ್ನ ಮೇಲೆ ಒಂದು ಮಾತು ಬರೋಕೆ ಬಿಡ್ಲಿಲ್ಲ" ಎಂದು ಕಣ್ಣೊರೆಸಿಕೊಂಡ. ವಾಕ್ಯದಕ್ಕ ಹಣ್ಣಿನ ಸಿಪ್ಪೆ ಸುಲಿಯುತ್ತ ನಿಂತಿದ್ದಳು. ಮಾತು ಗಂಟಲವರೆಗೆ ಬಂದಿತ್ತು, ಹಣ್ಣಿನ ಜೊತೆ ನುಂಗಿದಳು. ಸುಳ್ಳೇಕೆ, ಅವತ್ತಿಡೀ ಅವಳಿಗೆ ಕಹಿಯಾಗಿಯೇ ಇತ್ತು.

ಮರುದಿನ ಬೆಳಿಗ್ಗೆ ಊದಿದ ಕೈಯಲ್ಲಿ ದಪ್ಪ ಪುಸ್ತಕ ಎತ್ತಲು ಹೋಗಿ ಅವಳು "ಸ್ಸ್" ಎಂದಳು. ಗಂಡ ಕೈ ಚಾಚಿದ.

"ಇಲ್ಲಿ ಕೊಡು. ಕಾಲು ಹೋಗಿದೆ, ಕೈ ಇದೆಯಲ್ಲ."

ಅವನು ಎದೆಯ ಮೇಲೆ ಪುಸ್ತಕವನ್ನು ನಿಲ್ಲಿಸಿಕೊಂಡು, ನಿನ್ನೆ ಎಲ್ಲಿ ಮುಗಿದಿತ್ತೆಂದು ಕೇಳಿ, ತಡವರಿಸುತ್ತ ಓದತೊಡಗಿದ. ಕಷ್ಟದ ಹೆಸರುಗಳು ಬಂದ ಕಡೆ "ಇವನ್ಯಾರೋ ಒಬ್ಬ" ಎಂದು ದಾಟಿಸಿಬಿಡುತ್ತಿದ್ದ. ತಿದ್ದಬೇಕೆಂದುಕೊಂಡಳು. ಆದರೆ ಮಂಚದ ಅಂಚಿಗೆ ತಲೆಯಾನಿಸಿದವಳಿಗೆ ಕಣ್ಣು ಮುಚ್ಚಿಬರುತ್ತಿತ್ತು. ಕೆಲಸಕ್ಕೆ ಹೊರಡಲು ಇನ್ನೂ ಅರ್ಧ ಗಂಟೆ ಇತ್ತು. ಅವನು ಓದುತ್ತಲೇ ಇದ್ದ.