ಆಲೆಮನೆ ಹುಡುಗಿಯ ಓಟ

ಅವಳ ಎಡಗಾಲಿನ ಮೀನಖಂಡದ ಮೇಲೆ ವೀಳ್ಯದೆಲೆ ಅಗಲಕ್ಕೆ ಒಂದು ಸುಟ್ಟ ಗುರುತಿತ್ತು. ಅಲ್ಲಿ ಚರ್ಮ ಎಣ್ಣೆ ಸವರಿದ ಹಾಗೆ ನುಣ್ಣಗೆ ಮಿರಮಿರ ಅನ್ನುತ್ತಿತ್ತು. ಓಡುವಾಗ ಅವಳ ಮುಖ ನೋಡೋದಕ್ಕೆ ಆಗುತ್ತಿರಲಿಲ್ಲ, ಅಷ್ಟು ಬೇಗ ದಾಟಿಹೋಗುತ್ತಿದ್ದಳು. ಹಿಂದಿನಿಂದ ಆ ಗುರುತು ಮಾತ್ರ ಬಿಸಿಲಿಗೆ ಮಿಂಚಿ ಮಿಂಚಿ ದೂರ ಆಗುತ್ತಿತ್ತು. ಈಗ ಅವಳ ಮುಖ ನೆನಪು ಮಾಡಿಕೊಳ್ಳಬೇಕಾದರೆ ನನಗೆ ಸ್ವಲ್ಪ ಹೊತ್ತು ಹಿಡಿಯುತ್ತೆ. ಆ ಗುರುತು ಮಾತ್ರ ಕರೆಯದೆ ಬರುತ್ತೆ.

ನಮ್ಮದು ಪಾಂಡವಪುರ ತಾಲ್ಲೂಕು, ನಾಲೆ ಪಕ್ಕದ ಊರು. ನಮ್ಮ ಗದ್ದೆಗೆ ಒತ್ತಿಕೊಂಡ ಹಾಗೆ ಒಂದು ಆಲೆಮನೆ ಇತ್ತು. ಅಲ್ಲಿ ಕಬ್ಬು ಅರೆದು, ಹಾಲು ಕಾಯಿಸಿ, ಬೆಲ್ಲ ತೆಗೆಯೋರೆಲ್ಲ ಬಿಹಾರದ ಕಡೆಯೋರು. ಮೊದಲು ನಮ್ಮೋರೇ ಮಾಡುತ್ತಿದ್ದರು. ಈಗಿನ ಹುಡುಗರಿಗೆ ಆ ಹೊಗೆ, ಆ ಕಾವು ಆಗೋದಿಲ್ಲ. ಹಾಗಾಗಿ ಅವರು ಬಂದರು. ಊರಲ್ಲಿ ಅವರಿಗೆಲ್ಲ ಹಿಂದಿಯೋರು ಅಂತ ಒಂದೇ ಹೆಸರು.

ಅವಳ ಅಪ್ಪ ಕೊಪ್ಪರಿಗೆ ಮುಂದೆ ನಿಂತು ಪಾಕ ನೋಡುತ್ತಿದ್ದ. ಅಮ್ಮ ಒಲೆಗೆ ಸಿಪ್ಪೆ ತಳ್ಳುತ್ತಿದ್ದಳು. ಹಾಲು ಹಿಂಡಿದ ಕಬ್ಬಿನ ಸಿಪ್ಪೆಯನ್ನ ಅಂಗಳದ ತುಂಬ ಹರಡಿ ಒಣಗಿಸುತ್ತಾರೆ, ಒಲೆಗೆ ಅದೇ ಸೌದೆ. ಒಣಗಿದ್ದನ್ನ ತಬ್ಬಿಕೊಂಡು ಓಡಿ ತಂದು ಒಲೆ ಬಾಯಿಗೆ ಒದಗಿಸೋದು ಮಕ್ಕಳ ಕೆಲಸ. ಒಲೆ ನೆಲಕ್ಕಿಂತ ತಗ್ಗಲ್ಲಿರುತ್ತೆ. ಇಳಿಜಾರಲ್ಲಿ ಓಡಿ ಬಂದು ಬಾಯಿ ಮುಂದೆ ತಟ್ಟನೆ ನಿಲ್ಲಬೇಕು. ಇವಳು ಓಡೋದು ಕಲಿತದ್ದು ಅಲ್ಲೇ. ಇನ್ನೂ ಚಿಕ್ಕವಳಿದ್ದಾಗ, ಕೆ.ಆರ್. ಪೇಟೆ ಕಡೆ ಒಂದು ಆಲೆಮನೆಯಲ್ಲಿ, ನಿಲ್ಲೋದಕ್ಕೆ ಆಗದೆ ಜಾರಿ ಕಾಲು ಒಲೆ ಒಳಕ್ಕೆ ಹೋಯಿತಂತೆ. ಅಮ್ಮ ಜಡೆ ಹಿಡಿದು ಎಳೆದುಕೊಂಡಳಂತೆ. ಗುರುತು ಅದರದ್ದು.

ಕೆ.ಆರ್. ಪೇಟೆ ಆದ ಮೇಲೆ ನಾಗಮಂಗಲ, ಅಲ್ಲಿಂದ ಶ್ರೀರಂಗಪಟ್ಟಣದಲ್ಲಿ ಬೆಳಗೊಳದ ಹತ್ತಿರ, ಆಮೇಲೆ ನಮ್ಮೂರು. ಎಲ್ಲಿ ಒಲೆ ಉರಿಯುತ್ತೋ ಅಲ್ಲಿ ಅವರ ಸಂಸಾರ. ಒಲೆ ಆರಿತು ಅಂದರೆ ಪಾತ್ರೆ ಪಡಗ ಕಟ್ಟಿಕೊಂಡು ಎದ್ದರು. ಹುಡುಗಿ ಅಷ್ಟೂ ಕಡೆ ಸ್ಕೂಲಿಗೆ ಸೇರಿದ್ದಳು, ಒಂದು ಕಡೆಯೂ ವರ್ಷ ಮುಗಿಸಿರಲಿಲ್ಲ.

ನಮ್ಮ ಕೊಟ್ಟಿಗೆಯಲ್ಲಿ ಹಸು ಈದ ದಿನ ಬಾಗಿಲಲ್ಲಿ ಬಂದು ನಿಂತಳು. ಹರಕು ಲಂಗ, ಕೂದಲ ತುಂಬ ಸಿಪ್ಪೆ ಪುಡಿ.

"ಅಜ್ಜಿ, ಕರುಗೆ ಎಸ್ರು ಮಡ್ಗಿದ್ದೀಯಾ?"

"ಯಾರೇ ನೀನು? ಯಾರ್ ಮನೆಯೋಳು?"

"ಆಲೆಮನೆಯೋಳು."

"ಇಂದಿಯೋರ? ಮತ್ತೆ ನಮ್ಮಂಗೇ ಮಾತಾಡ್ತೀಯಲ್ಲೇ?"

"ಇನ್ನೆಂಗ್ ಮಾತಾಡ್ಲಿ? ಇಂದೀಲಿ ಕೇಳಿದ್ರೆ ನಿಂಗ್ ಅರ್ಥ ಆಯ್ತದಾ?"

ಬಾಯಿ ಜೋರು. ಬಾಯಿ ಜೋರಿರೋ ಮಕ್ಕಳು ನನಗೆ ಆಗುತ್ತವೆ. ಮಿಕ್ಕವು ಒಳಗೇ ಮಡಗಿಕೊಂಡು ಆಮೇಲೆ ಕಚ್ಚುತ್ತವೆ. ಕರುವಿಗೆ ಬಿಜ್ಲಿ ಅಂತ ಹೆಸರಿಟ್ಟಳು. ಅವರ ಮಾತಲ್ಲಿ ಮಿಂಚು ಅಂತೆ, ಕರೆಂಟಿಗೂ ಅದೇ ಅನ್ನುತ್ತಾರಂತೆ. "ಅಸೀಗೆ ಕರೆಂಟಿನ ಎಸ್ರು ಇಡ್ತಾರೇನೇ?" ಅಂದೆ. "ಕರೆಂಟು ಓಯ್ತದೆ ಬತ್ತದೆ, ಇದು ಓಗಲ್ಲ ಕಣಜ್ಜಿ" ಅಂದಳು. ಅವತ್ತಿಂದ ದಿನಾ ಸಂಜೆ ಕಬ್ಬಿನ ಗರಿ ಹೊತ್ತು ತರುತ್ತಿದ್ದಳು. ಕರು ತಿನ್ನೋದನ್ನ ಕಲಿಯೋ ಮೊದಲೇ ಅದರ ಮುಂದೆ ರಾಶಿ ಬಿದ್ದಿರುತ್ತಿತ್ತು. ನಾನು ಮುದ್ದೆ ಕೊಟ್ಟರೆ ತಿನ್ನುತ್ತಿದ್ದಳು, ಕೊಡದಿದ್ದರೆ ಕೇಳುತ್ತಿದ್ದಳು.

ಅವಳ ಓಟ ಕಂಡುಹಿಡಿದದ್ದು ನಾನಲ್ಲ. ಸ್ಕೂಲಿನ ಪೀಟಿ ಮೇಷ್ಟ್ರು. ನಾಗಮಂಗಲದ ಕಡೆಯವರು, ಸಣ್ಣಗೆ ಒಣಗಿದ ಮನುಷ್ಯ, ಕೊರಳಲ್ಲಿ ಯಾವಾಗಲೂ ಸೀಟಿ. ಒಂದು ದಿನ ಆಲೆಮನೆಗೇ ಬಂದು ಅವಳ ಅಪ್ಪನಿಗೆ ಹೇಳಿದರು. "ನಿನ್ನ ಮಗಳು ನೂರು ಮೀಟರು ಓಡ್ತಾಳಲ್ಲ, ಅಂಗೆ ಓಡೋರನ್ನ ನಾನು ಇಲ್ಲಿಗೆ ಬಂದಾಗ್ಲಿಂದ ನೋಡಿಲ್ಲ ಕಣಪ್ಪ. ಸರ್ಕಾರದ ಕ್ರೀಡಾ ಹಾಸ್ಟೆಲ್ ಅಂತ ಐತೆ. ಅಲ್ಲಿ ಸೀಟು ಸಿಕ್ಕಿದ್ರೆ ಊಟ, ಬಟ್ಟೆ, ಓದು ಎಲ್ಲಾ ಅವರದ್ದೇ. ಒಂದೇ ಕಡೆ ಇರ್ತಾಳೆ."

ಅಪ್ಪ ಪಾಕದ ಮೇಲಿನ ಕಣ್ಣು ತೆಗೆಯದೆ ಕೇಳಿಸಿಕೊಂಡ. ತೆಗೆದರೆ ಸೀದುಹೋಗುತ್ತೆ. "ಒಂದೇ ಕಡೆ?" ಅಂತ ಅಷ್ಟೇ ಕೇಳಿದ. ಅವನಿಗೆ ಮಿಕ್ಕಿದ್ದು ಯಾವುದೂ ಕಿವಿಗೆ ಬಿದ್ದ ಹಾಗೆ ಕಾಣಲಿಲ್ಲ.

ತಾಲ್ಲೂಕಿನ ಪಂದ್ಯದಲ್ಲಿ ಗೆದ್ದಳು. ಬರಿಗಾಲಲ್ಲಿ ಓಡಿ ಗೆದ್ದಳು. ಮೇಷ್ಟ್ರು ಶೂಸು ತಂದುಕೊಟ್ಟಿದ್ದರು, ಹಾಕಿಕೊಂಡು ಎರಡು ಹೆಜ್ಜೆ ನಡೆದು, "ಸಾ, ಎಮ್ಮೆ ಗೊರಸು ಕಟ್ಕಂಡಂಗೆ ಆಯ್ತದೆ" ಅಂತ ಬಿಚ್ಚಿಟ್ಟಳು. ಊರಲ್ಲಿ ಮೆರವಣಿಗೆ ಏನೂ ಆಗಲಿಲ್ಲ. ಯಾರ ಮನೆ ಹುಡುಗಿ ಅಂತ ಮಾಡೋದು? ನನ್ನ ಸೊಸೆ ಒಬ್ಬಳೇ ಕಡಲೆಬೀಜಕ್ಕೆ ಬೆಲ್ಲ ಹಾಕಿ ಉಂಡೆ ಕಟ್ಟಿ ಕೊಟ್ಟಳು.

ಆದರೆ ಅವಳಿಗೊಂದು ಕೆಟ್ಟ ಚಾಳಿ ಇತ್ತು. ಅದು ತಾಲ್ಲೂಕಲ್ಲಿ ಕಾಣಲಿಲ್ಲ, ಬೇರೆಯವರು ಅಷ್ಟು ಹಿಂದೆ ಇದ್ದರು. ಜಿಲ್ಲಾ ಪಂದ್ಯಕ್ಕೆ ಮಂಡ್ಯಕ್ಕೆ ಹೋದಾಗ ಎಲ್ಲರಿಗೂ ಕಂಡಿತು. ಕೊನೆ ಗೆರೆ ಇನ್ನೇನು ಬಂತು ಅನ್ನೋವಾಗ ಎದೆ ಹಿಂದಕ್ಕೆ ಎಳೆದುಕೊಂಡು, ಹಿಮ್ಮಡಿ ಊರಿ, ನಿಧಾನ ಮಾಡಿಬಿಟ್ಟಳು. ಹಿಂದಿದ್ದ ಹುಡುಗಿ ದಾಟಿಕೊಂಡಳು. ಮೇಷ್ಟ್ರು ಬಂದು ನಮ್ಮ ಜಗುಲಿ ಮೇಲೆ ಕೂತು ಹಣೆ ಚಚ್ಚಿಕೊಂಡರು.

ಅವಳನ್ನ ಕೇಳಿದೆ. "ಯಾಕೇ ನಿಂತೆ?"

"ನಿಲ್ಲಲ್ಲ ಅಂದ್ಕಂಡೇ ಓಡ್ತೀನಿ ಅಜ್ಜಿ. ಗೆರೆ ಅತ್ರ ಬಂದೇಟ್ಗೆ ಒಲೆ ಬಾಯಿ ಕಂಡಂಗಾಯ್ತದೆ. ಕಾಲು ಅದಾಗೇ ನಿಂತ್ಕತದೆ."

ಇದಕ್ಕೆ ಯಾರು ಏನು ಮಾಡೋದು? ಮೇಷ್ಟ್ರು ಮಾಡದೇ ಬಿಟ್ಟದ್ದು ಏನೂ ಇರಲಿಲ್ಲ. ಗೆರೆಯನ್ನ ದೂರಕ್ಕೆ ಎಳೆದರು, ಅವಳು ಅಲ್ಲಿಗೆ ಬಂದು ನಿಧಾನ ಮಾಡಿದಳು. ಗೆರೆ ಅಳಿಸಿಯೇಬಿಟ್ಟರು, ಅವಳಿಗೆ ಅಂದಾಜಲ್ಲೇ ಗೊತ್ತಾಗುತ್ತಿತ್ತು. ಕಡೆಗೆ ನನ್ನನ್ನ ಕರೆದರು. "ಅಜ್ಜಿ, ನೀವು ಗೆರೆ ಆಚೆ ನಿಂತ್ಕೊಳ್ಳಿ. ನಿಮ್ಮನ್ನ ಬಂದು ತಬ್ಬಿಕೊಳ್ಳಲಿ." ನಾನು ಬಿಸಿಲಲ್ಲಿ ಸೆರಗು ಹೊದ್ದು ಕಂಬದ ಹಾಗೆ ನಿಂತೆ. ಗಾಳಿ ಬಂದ ಹಾಗೆ ಬಂದಳು, ಗೆರೆ ಹತ್ತಿರ ಹಿಮ್ಮಡಿ ಊರಿದಳು, ಆಮೇಲೆ ನಡೆದುಕೊಂಡು ಬಂದು ನನ್ನ ಮುಂದೆ ನಿಂತಳು.

"ಯಾಕೇ?"

"ಗುದ್ದುಬುಟ್ರೆ? ನಿನ್ ಸೊಂಟ ಮುರ್ದೋಗಲ್ವಾ ಅಜ್ಜಿ?"

ಮೇಷ್ಟ್ರು ಸೀಟಿ ಬಾಯಲ್ಲಿಟ್ಟುಕೊಂಡು ಊದದೆ ನಿಂತಿದ್ದರು. ನಾನು ನಕ್ಕೆ. ನಗಬಾರದಾಗಿತ್ತೇನೋ, ನಗು ಬಂತು.

ಆದರೂ ಮಂಡ್ಯದಲ್ಲಿ ಅವಳ ಓಟ ಕಂಡಿದ್ದ ಒಬ್ಬ ಸಾಹೇಬರು ಮೇಷ್ಟ್ರಿಗೆ ಹೇಳಿದ್ದರಂತೆ. ಹಾಸ್ಟೆಲ್ಲಿಗೆ ಆರಿಸೋ ದಿನ ಕರೆದುಕೊಂಡು ಬನ್ನಿ, ಅಷ್ಟರಲ್ಲಿ ಆ ಕೊನೆಯದ್ದೊಂದು ಸರಿಮಾಡಿ ಅಂತ. ಆ ಒಂದು ದಿನಕ್ಕೆ ಎಲ್ಲರೂ ಕಾದು ಕೂತೆವು. ಕಬ್ಬು ಮುಗಿಯುತ್ತಾ ಬಂದಿತ್ತು. ಒಲೆ ಆರೋದರೊಳಗೆ ಆ ದಿನ ಬಂದರೆ ಸಾಕು ಅಂತ ನಾನು ಕೂಡ ಗದ್ದೆ ಕಡೆ ನೋಡಿ ನಿಂತಿರೋ ಕಬ್ಬು ಅಳೆಯುತ್ತಿದ್ದೆ.

ಆರಿಸೋ ದಿನ ಇನ್ನೇನು ಆ ವಾರದಲ್ಲೇ ಇತ್ತು. ಬೆಳಿಗ್ಗೆ ಬಿಜ್ಲಿಯನ್ನ ನಾಲೆ ಏರಿ ಮೇಲೆ ಹೊಡೆದುಕೊಂಡು ಹೋಗುತ್ತಿದ್ದೆ. ಒಂದು ವರ್ಷದ ಕಡಸು, ಮೈ ತುಂಬಿಕೊಂಡಿತ್ತು. ಕಬ್ಬಿನ ಟ್ರಾಕ್ಟರಿನವನು ಹಿಂದಿನಿಂದ ಬಂದು ಒಂದೇ ಸಮ ಹಾರನ್ನು ಹೊಡೆದ. ಕಡಸು ಬೆದರಿ ಕೈಯಿಂದ ಹಗ್ಗ ಕಿತ್ತುಕೊಂಡು ಓಡಿತು. ಅಲ್ಲೇ ಮುಂದೆ ತೂಬು, ನಾಲೆ ತುಂಬ ನೀರು. ನನ್ನ ಮಂಡಿಗೆ ಓಟ ಎಲ್ಲಿಂದ ಬರಬೇಕು? ಕಿರುಚಿದೆ.

ಅವಳು ಸಿಪ್ಪೆ ಅಂಗಳದಲ್ಲಿದ್ದಳು. ಹೊರೆ ಎಸೆದು ಬಂದಳು ನೋಡಿ, ನಾನು ಉಸಿರು ಎಳೆದುಕೊಳ್ಳೋದರೊಳಗೆ ನನ್ನನ್ನ ದಾಟಿದ್ದಳು. ಸುಟ್ಟ ಗುರುತು ಒಂದು ಸಲ ಮಿಂಚಿತು. ಕಡಸು ಏರಿಯ ಕಲ್ಲಿನ ಮೇಲೆ ಜಾರಿ ನೀರಿಗೆ ಇಳಿಯುತ್ತಿತ್ತು. ನಾನು ಕೂಗಿದೆ. "ಬುಡೇ! ಓದ್ರೆ ಓಗ್ಲಿ ಬುಡೇ!" ಅವಳಿಗೆ ಕೇಳಿಸಿತು, ಆಮೇಲೆ ಅವಳೇ ಹೇಳಿದಳು. ಏರಿ ಅಂಚಲ್ಲಿ ನಿಲ್ಲುತ್ತಾಳೆ ಅಂದುಕೊಂಡೆ. ನಿಲ್ಲಲಿಲ್ಲ. ಹಾಗೇ ಇಳಿಜಾರಿಗೆ ನುಗ್ಗಿ ಹಗ್ಗ ಹಿಡಿದಳು. ಪಾದ ತೂಬಿನ ಕಲ್ಲಿನ ಸಂದಿಗೆ ಸಿಕ್ಕಿಕೊಂಡಿತು, ಅದೇ ಆನಿಕೆ ಆಗಿ ಕಡಸು ನಿಂತಿತು. ಆಲೆಮನೆಯೋರು ಓಡಿಬಂದು ಇಬ್ಬರನ್ನೂ ಎಳೆದುಹಾಕಿದರು.

"ಬುಡು ಅಂದ್ನಲ್ಲೇ!"

"ಬಿಜ್ಲಿ ಕಣಜ್ಜಿ" ಅಂದಳು. ಅದೇ ಉತ್ತರ.

ಸಂಜೆಗೆ ಪಾದ ಊದಿ ಕುಂಬಳಕಾಯಿ ಆಯಿತು. ಉಳುಕು ಅಂದರು ಎಲ್ಲರೂ. ಆಲೆಮನೆಯಲ್ಲಿ ಬೆಲ್ಲಕ್ಕೇನು ಬರ, ಬಿಸಿ ಬೆಲ್ಲಕ್ಕೆ ಸುಣ್ಣ ಕಲಸಿ ದಪ್ಪಗೆ ಹಚ್ಚಿದರು. ಅವಳ ಅಪ್ಪನೇ ಕೈಯಾರೆ ಪಾಕ ತೆಗೆದು ಹಚ್ಚಿದ. ಆಸ್ಪತ್ರೆಗೆ ಹೋಗೋಣ ಅಂತ ನಾನು ಅಂದರೆ ಹುಡುಗಿ ಕೈ ಕೊಸರಿಕೊಂಡಳು. "ಡಾಕ್ಟ್ರು ಓಡ್ಬ್ಯಾಡ ಅಂತಾರೆ. ಆಮೇಲೆ?" ಅಪ್ಪ ಕೊಪ್ಪರಿಗೆ ಕಡೆ ಹೋದ. ಅಮ್ಮ ಅಳುತ್ತಿದ್ದಳು. ನಾನು ಜಗಳ ಆಡಿದೆ, ಬೈದೆ. ಕಂಡವರ ಮಗಳನ್ನ ಎತ್ತಿಕೊಂಡು ಹೋಗೋದಕ್ಕೆ ಆಗುತ್ತಾ?

ಆ ದಿನ ಬಂತು. ಅಪ್ಪ ಕೊಪ್ಪರಿಗೆ ಬಿಟ್ಟು ಬರೋ ಹಾಗಿರಲಿಲ್ಲ, ನಾನು ಮೇಷ್ಟ್ರ ಜೊತೆ ಬಸ್ಸಿನಲ್ಲಿ ಹೋದೆ. ಮಂಡ್ಯದಲ್ಲಿ ನಲ್ಲಿ ಕೆಳಗೆ ಕೂತು ಸುಣ್ಣ ಬೆಲ್ಲ ತೊಳೆದುಕೊಂಡಳು. ಕೆಳಗೆ ಪಾದ ನೇರಳೆ ಬಣ್ಣ ಆಗಿತ್ತು. ಮೇಷ್ಟ್ರು ನೋಡಿ ಮುಖ ಆ ಕಡೆ ಮಾಡಿದರು. "ಬ್ಯಾಡ ಕಣವ್ವ. ಬರೋ ವರ್ಷ ನೋಡೋಣ."

"ಬರೋ ವರ್ಷ ನಾನ್ ಯಾವೂರಲ್ಲಿರ್ತೀನೋ ಸಾ" ಅಂದಳು.

ಮೇಷ್ಟ್ರು ಅವಳ ಹೆಸರು ಬರೆಸೋದಕ್ಕೆ ಹೋದರು.

ಓಡಿದಳು. ಮೊದಲು ಸ್ವಲ್ಪ ದೂರ ಮುಂದೆ ಇದ್ದಳು, ಅದು ನಿಜ. ಆಮೇಲೆ ಒಬ್ಬೊಬ್ಬರಾಗಿ ದಾಟಿದರು. ಪಾದ ಊರಿದಾಗಲೆಲ್ಲ ಹೆಗಲು ಕುಸಿಯುತ್ತಿತ್ತು. ಎಲ್ಲರಿಗಿಂತ ಹಿಂದೆ ಬಿದ್ದಳು. ಆದರೆ ಗೆರೆ ಹತ್ತಿರ ಬಂದಾಗ ಹಿಮ್ಮಡಿ ಊರಲಿಲ್ಲ. ಎದೆ ಮುಂದೆ ಮಾಡಿಕೊಂಡು, ಗೆರೆ ದಾಟಿ, ಇನ್ನೂ ಅಷ್ಟು ದೂರ ಹೋಗಿ ಬಿದ್ದಳು.

ಮೇಷ್ಟ್ರು ನನ್ನ ತೋಳು ಹಿಡಿದುಕೊಂಡರು. "ಅಜ್ಜಿ, ಇವತ್ತು ನಿಲ್ಲಲಿಲ್ಲ ನೋಡಿ." ಅವರ ಕಣ್ಣಲ್ಲಿ ನೀರು.

"ಇವತ್ತು ನಿಂತಿದ್ರೂ ಆಗಿರೋದು" ಅಂದೆ.

ಹೋಗಿ ಎತ್ತಿ ಕೂರಿಸಿದೆ. ಬಾಯಿ ತುಂಬ ಮಣ್ಣು. "ಒಲೆ ಬಾಯಿ ಕಾಣ್ಲಿಲ್ವೇನೇ?"

"ಕಾಲೇ ಉರೀತಿತ್ತಲ್ಲಜ್ಜಿ. ಇನ್ನ ಬೆಂಕಿ ಎಲ್ ನೆಪ್ಪಾಯ್ತದೆ?"

ಅಲ್ಲಿಂದ ಸೀದಾ ಆಸ್ಪತ್ರೆ. ಮೂಳೆ ಬಿರುಕು ಬಿಟ್ಟಿತ್ತು. ಪಟ್ಟಿ ಹಾಕಿದರು. ಬಿರುಕು ಬಿಟ್ಟ ಮೂಳೆ ಮೇಲೆ ಓಡಿಸಿದ್ದೀರಲ್ಲ, ಮನುಷ್ಯರಾ ನೀವು ಅಂತ ಡಾಕ್ಟರು ಮೇಷ್ಟ್ರನ್ನ ಬೈದರು. ಅವರು ತಲೆ ತಗ್ಗಿಸಿ ಬೈಸಿಕೊಂಡರು. ಈ ಕಾಲು ಮೊದಲಿನ ಹಾಗೆ ಓಡುತ್ತಾ ಅಂತ ಕೇಳಿದ್ದಕ್ಕೆ, ನಡೆಯಲಿ ಮೊದಲು ಅಂದರು.

ಕಬ್ಬು ಮುಗಿಯಿತು, ಒಲೆ ಆರಿತು. ನಾನು ಅವಳ ಅಪ್ಪನ ಹತ್ತಿರ ಹೋಗಿ ಕೇಳಿದೆ. "ಪಟ್ಟಿ ಬಿಚ್ಚೋಗಂಟ ನಮ್ಮನೇಲಿ ಬುಟ್ಟೋಗಪ್ಪ. ಸ್ಕೂಲಿಗೂ ಓಯ್ತಾಳೆ." ಅವನು ಅವನ ಕನ್ನಡದಲ್ಲಿ ಹೇಳಿದ. "ಅಮ್ಮಾ, ಮಗು ಇಲ್ಲಿ, ನಾವು ಅಲ್ಲಿ. ಇವಳ ಅಮ್ಮ ಊಟ ಮಾಡಲ್ಲ." ಹಾಸ್ಟೆಲ್ಲಿಗಾದರೆ ಕಳಿಸುತ್ತಿದ್ದ, ಅದು ಸರ್ಕಾರ. ನಾನು ಯಾರು? ಪಕ್ಕದ ಗದ್ದೆಯ ಮುದುಕಿ. ಅವನದು ತಪ್ಪು ಅಂತ ಇವತ್ತಿಗೂ ನನಗೆ ಹೇಳೋದಕ್ಕೆ ಆಗೋದಿಲ್ಲ.

ಗೂಡ್ಸ್ ಆಟೋದಲ್ಲಿ ಪಾತ್ರೆಗಳ ನಡುವೆ ಅವಳನ್ನ ಕೂರಿಸಿದರು. ಪಟ್ಟಿ ಕಾಲನ್ನ ಹಾಸಿಗೆ ಸುರುಳಿ ಮೇಲೆ ಇಟ್ಟಿದ್ದರು. ಅಳಲಿಲ್ಲ. "ಬಿಜ್ಲಿಗೆ ಗರಿ ಆಕು ಅಜ್ಜಿ, ಬರೀ ಉಲ್ಲು ಆಕ್ಬ್ಯಾಡ" ಅಂದಳು. "ನನ್ನ ಕೊಟ್ಗೆ ನಂಗ್ ಗೊತ್ತು, ಓಗು" ಅಂದೆ. ಆಟೋ ಹೋಯಿತು.

ಅವಳ ಅಪ್ಪ ಕೊಟ್ಟಿದ್ದ ನಂಬರಿಗೆ ಮೇಷ್ಟ್ರು ಕೆಲವು ತಿಂಗಳು ಫೋನ್ ಮಾಡಿದರು, ಆಮೇಲೆ ಅದು ಹೋಗದೆ ಆಯಿತು. ಕೆ.ಆರ್. ಪೇಟೆ ರಸ್ತೆಯ ಒಂದು ಆಲೆಮನೆಯಲ್ಲಿ ಕುಂಟುತ್ತಾ ಸಿಪ್ಪೆ ಹೊರೋ ಹುಡುಗಿ ಇದ್ದಾಳೆ ಅಂತ ಯಾರೋ ಅಂದರು. ಮಗನ ಬೈಕಿನ ಹಿಂದೆ ಕೂತು ಹೋದೆ. ಇದ್ದದ್ದು ನಿಜ, ಆದರೆ ಅವಳಲ್ಲ, ಬೇರೆ ಯಾರದೋ ಮಗಳು. ನನ್ನನ್ನ ನೋಡಿ ಹೊರೆ ಇಳಿಸಿ, ಯಾರು ಬೇಕಿತ್ತು ಅಂತ ಕೇಳಿತು. ಏನು ಹೇಳಲಿ? ಯಾರೂ ಇಲ್ಲ ಅಂತ ಹೇಳಿ ಬಂದೆ. ಮೇಷ್ಟ್ರಿಗೂ ವರ್ಗ ಆಯಿತು. ನಮ್ಮ ಪಕ್ಕದ ಆಲೆಮನೆ ಮುಚ್ಚಿ, ಒಲೆ ಗುಂಡಿ ತುಂಬ ಎಕ್ಕದ ಗಿಡ ಬೆಳೆದಿದೆ.

ಬಿಜ್ಲಿ ಈಗ ಎರಡು ಸಲ ಈದಿದೆ. ಆ ಹೆಸರಲ್ಲಿ ಕರೆದರೆ ಮಾತ್ರ ತಿರುಗುತ್ತೆ. ಎರಡು ಹೊತ್ತೂ ಚೆನ್ನಾಗಿ ಹಾಲು ಕರೆಯುತ್ತೆ, ಮಿಕ್ಕಿದ್ದನ್ನ ಸೊಸೆ ಡೈರಿಗೆ ಹಾಕುತ್ತಾಳೆ. ಬೆಳಿಗ್ಗೆ ಅದೇ ಹಾಲಿನ ಕಾಫಿ ತಂದು ಕೊಡುತ್ತಾಳೆ. ಕುಡಿಯುತ್ತೇನೆ. ಕುಡಿಯದೆ ಬಿಟ್ಟರೆ ಆ ಹುಡುಗಿ ಕಾಲೇನು ಸರಿಹೋಗೋದಿಲ್ಲ. ಆದರೆ ಮೊದಲನೇ ಗುಟುಕು ಗಂಟಲ ಹತ್ತಿರ ಬಂದು ನಿಂತುಕೊಳ್ಳುತ್ತೆ. ನುಂಗಬೇಕು ಅಂದುಕೊಂಡೇ ಕುಡಿಯುತ್ತೇನೆ, ಅದು ಅಲ್ಲಿಗೆ ಬಂದು ನಿಲ್ಲುತ್ತೆ. ಸ್ವಲ್ಪ ಹೊತ್ತು ಕಾಯುತ್ತೇನೆ. ಆಮೇಲೆ ಇಳಿಯುತ್ತೆ.