ಮನೋರಮಕ್ಕನ ಕೆಂಪು, ಜಿನರಾಜಣ್ಣನ ಹಸಿರು

ಪಾಣೆಮಂಗಳೂರಿನ ನನ್ನ ಪೇಂಟಿನ ಅಂಗಡಿಯಲ್ಲಿ ಬಣ್ಣ ಬೆರೆಸುವ ಯಂತ್ರವಿದೆ. ಆದರೂ ಹಳೆಯ ಗೋಡೆಗೆ ಹೊಂದುವ ಬಣ್ಣ ಬೇಕಾದವರು ಯಂತ್ರವನ್ನು ದಾಟಿ, ನನ್ನಲ್ಲಿ ಕೈಯಲ್ಲೇ ಬಣ್ಣ ಬೆರೆಸುವ ಹಸೈನಾರ್ ಬ್ಯಾರಿಗಳ ಹತ್ತಿರ ಹೋಗುತ್ತಾರೆ. ಅವರು ಗೋಡೆಯ ಚಕ್ಕೆಯನ್ನು ಬಿಸಿಲಲ್ಲೊಮ್ಮೆ, ನೆರಳಲ್ಲೊಮ್ಮೆ ನೋಡುತ್ತಾರೆ. ಬೆರೆಸಿದ್ದನ್ನು ಹೆಬ್ಬೆರಳ ಉಗುರಿಗೆ ಹಚ್ಚಿ, ಅದು ಒಣಗುವವರೆಗೆ ಬಾಯಿ ಬಿಡುವುದಿಲ್ಲ. ಮೂವತ್ತು ವರ್ಷಗಳಲ್ಲಿ ಆ ಉಗುರು ಸುಳ್ಳು ಹೇಳಿದ್ದಿಲ್ಲ. ನನ್ನ ನಾಲಿಗೆಯ ಬಗ್ಗೆ ಅಷ್ಟು ಧೈರ್ಯದಿಂದ ಹೇಳಲಾರೆ.

ಕಳೆದ ತಿಂಗಳು ಮೂಡುಬಿದಿರೆಯ ಜಿನರಾಜಣ್ಣ, ಪತ್ನಿ ಮನೋರಮಕ್ಕನ ಜೊತೆ ಬಂದರು. ಕಾರಿನಿಂದ ಒಂದು ದೊಡ್ಡ ಚಿತ್ರ ಇಳಿಯಿತು. ಚಿತ್ರಕಲೆ ಕಲಿಯುವ ಮೊಮ್ಮಗಳು ತ್ರಿಶಾ ಅಜ್ಜ ಅಜ್ಜಿಯನ್ನು ಒಟ್ಟಿಗೆ ಕೂರಿಸಿ ಬಿಡಿಸಿದ್ದು. ಅಜ್ಜನ ಮುಖ ಹಸಿರು, ಅಜ್ಜಿಯದ್ದು ಕೆಂಪು.

"ಬರುವ ವಾರ ನೆಂಟರು ಬರ್ತಾರೆ. ಮುಖಕ್ಕೆ ಸರಿಯಾದ ಬಣ್ಣ ಹೊಡೆದು ಕೊಡಿ" ಎಂದರು ಜಿನರಾಜಣ್ಣ.

"ಮಾದರಿ ತಂದಿದ್ದೀರಾ?" ಎಂದು ಕೇಳಿದೆ.

ಅವರು ಅಂಗಿಯ ತೋಳು ಮಡಚಿ ಕೈ ಚಾಚಿದರು.

ನಾನು ಕಾಲು ಲೀಟರಿನ ಡಬ್ಬಿ ತೆಗೆದೆ. ಹಸೈನಾರ್ ಅದನ್ನು ಮುಟ್ಟಲಿಲ್ಲ. ಚಿತ್ರವನ್ನು ಬಾಗಿಲ ಬಿಸಿಲಿಗೆ ಹಿಡಿದರು, ಮತ್ತೆ ಒಳಗೆ ತಂದರು.

"ಮೇಲೆ ಹೊಡೆದರೆ ಇದು ಮತ್ತೆ ಸಿಕ್ಕುವುದಿಲ್ಲ, ಜಿನರಾಜಣ್ಣ. ಮೊದಲು ನೋಡುವ. ಒಂದು ಗೋಡೆಗೆ ಕೆಂಪು ಹೊಡೆದರೆ ಎದುರಿನ ಬಿಳಿ ಗೋಡೆಯೂ ಕೆಂಪಾಗ್ತದೆ. ಇಲ್ಲಿ ಅಕ್ಕನಿಗೆ ಸಿಟ್ಟು. ಆ ಕೆಂಪು ನಿಮ್ಮ ಕೆನ್ನೆಗೂ ಬಿದ್ದಿದೆ. ನಿಮ್ಮ ಮುಖದಲ್ಲಿ ಸ್ವಲ್ಪ ಜೀವ ಉಳಿದದ್ದು ಅದರಿಂದಲೇ. ಬಾಕಿದ್ದು ರಕ್ತ ಇಳಿದ ಬಣ್ಣ. ಹೆದರಿಕೆ."

"ಯಾರಿಗೆ ಮಾರಾಯ್ರೇ ಹೆದರಿಕೆ?" ಎಂದರು ಜಿನರಾಜಣ್ಣ.

ಮನೋರಮಕ್ಕ ನಕ್ಕರು. "ನನ್ನ ಆಪರೇಷನ್ನಿನ ಹಿಂದಿನ ದಿನ ಅಲ್ವಾ ತ್ರಿಶಾ ನಮ್ಮನ್ನು ಕೂರಿಸಿದ್ದು? ನೂರು ಸಲ 'ನೋವುಂಟಾ' ಅಂತ ಕೇಳಿ ನನಗೆ ಸಿಟ್ಟು ಬರಿಸಿದ್ದು ಯಾರು? ಊಟ ಬಿಟ್ಟದ್ದು ನಾನಾ, ನೀವಾ?"

ಜಿನರಾಜಣ್ಣ ತೋಳು ಇಳಿಸಿದರು. ಗುಂಡಿ ಹಾಕಿಕೊಂಡರು.

"ಆ ಹುಡುಗಿಗೆ ಎಲ್ಲ ಕಂಡಿದೆ" ಎಂದರು. ಮತ್ತೆ ಚಿತ್ರದ ಕಡೆ ತಿರುಗಿ, "ಯಾವ ಬಣ್ಣದ ಗೋಡೆಯಲ್ಲಿ ಈ ಹಸಿರು ಎದ್ದು ಕಾಣ್ತದೆ, ಬ್ಯಾರಿಗಳೇ?"

ಹಸೈನಾರ್ ತೆಳು ಕಾವಿ ಬೆರೆಸಿದರು. ಅವರ ಮನೆಯ ಮುಂದಿನ ಇಡೀ ಚಾವಡಿಗೆ ಇಪ್ಪತ್ತು ಲೀಟರು.

"ಕಾಲು ಲೀಟರಿನ ಆಸೆ ಬಿಟ್ಟರೆ ಇಪ್ಪತ್ತು ಮಾರಿ ಹೋಗ್ತದೆ ಅಂತ ಮೊದಲೇ ಗೊತ್ತಿತ್ತಾ?" ಎಂದು ಆಮೇಲೆ ಕೆಣಕಿದೆ.

ಅವರು ಉಗುರು ನೋಡಿಕೊಂಡರು. "ಒಣಗಲಿ, ಹೇಳ್ತೇನೆ."

ನೆಂಟರು ಬಂದ ದಿನ ನಮ್ಮಿಬ್ಬರಿಗೂ ಕರೆಯಿತ್ತು. ಚಿತ್ರ ಚಾವಡಿಯ ನಡುಗೋಡೆಯಲ್ಲಿತ್ತು. ಯಾರೋ ಮುಖ ಯಾಕೆ ಹಸಿರು ಎಂದು ಕೇಳಿದರು. ಅದನ್ನೇ ಕಾಯುತ್ತಿದ್ದವರಂತೆ ಜಿನರಾಜಣ್ಣ ಎದ್ದು ನಿಂತರು.

"ಹೆದರಿದವ ನಾನು" ಎಂದರು, ಎದೆಯುಬ್ಬಿಸಿ. "ಗೆದ್ದು ಬಂದವಳು ಇವಳು. ಬೇಕಾದರೆ ಹಸೈನಾರ್ ಬ್ಯಾರಿಗಳನ್ನು ಕೇಳಿ."